ಒಂದು ಕೆಜಿ ನಾನೂರು ಗ್ರಾಂ

ನಮ್ಮವರದು ತಕ್ಕಡಿ ರಿಪೇರಿ ಕೆಲಸ. ಕಿರಾಣಿ ಅಂಗಡಿಯ ತಕ್ಕಡಿಯಿಂದ ಹಿಡಿದು ಗೋದಾಮಿನ ತೂಕದ ಯಂತ್ರದವರೆಗೆ ಯಾವುದು ಸುಳ್ಳು ಹೇಳಿದರೂ ಇವರ ಬಳಿಗೇ ಬರಬೇಕು. ಇಷ್ಟೆಲ್ಲ ಯಂತ್ರಗಳನ್ನು ಸರಿಮಾಡುವ ಮನುಷ್ಯ ತಾನು ನಂಬುವುದು ಮಾತ್ರ ಸ್ವಂತ ಕೈಯನ್ನು. ತರಕಾರಿ ಚೀಲ ಎತ್ತಿ ನೋಡಿ, ಐವತ್ತು ಗ್ರಾಂ ಕಡಿಮೆ ಎಂದು ನನ್ನನ್ನು ಎಷ್ಟೋ ಸಲ ಅಂಗಡಿಗೆ ವಾಪಸ್ ಕಳಿಸಿದ್ದಾರೆ. ಹೊಟ್ಟೆ ಉರಿಯುವ ವಿಷಯವೆಂದರೆ, ಪ್ರತಿ ಸಲವೂ ಅವರು ಹೇಳಿದ್ದೇ ಸರಿಯಾಗಿರುತ್ತಿತ್ತು. ‘ನನ್ನ ಕೈ ತಪ್ಪಿತು’ ಎಂಬ ಮಾತು ಅವರ ಬಾಯಿಂದ ಒಮ್ಮೆಯಾದರೂ ಬೀಳಲಿ ಎಂದು ಮದುವೆಯಾದ ಹದಿನೈದು ವರ್ಷದಿಂದ ನಾನು ಬೇಡದ ದೇವರಿಲ್ಲ.

ಅತ್ತೆಯನ್ನೂ ಮಗಳನ್ನೂ ಕರೆದುಕೊಂಡು ನಾವು ಮೊದಲ ಸಲ ಹೊರದೇಶಕ್ಕೆ ಹೋಗಿದ್ದೆವು. ಕೊನೆಯ ದಿನ ಬೆಳಿಗ್ಗೆ ಹೋಟೆಲ್ ರೂಮಿನಲ್ಲಿ ದೊಡ್ಡ ಸೂಟ್‌ಕೇಸ್ ತುಂಬಿಸಿದ್ದಾಯಿತು. ವಿಮಾನದವರು ಒಪ್ಪುವುದು ಇಪ್ಪತ್ಮೂರು ಕೆಜಿ. ಕೆಳಗೆ ತೂಕದ ಯಂತ್ರ ಇದೆಯಂತೆ, ಒಂದು ಸಲ ನೋಡಿಬಿಡೋಣ ಎಂದೆ. ಅವರ ಮುಖ ಊದಿಕೊಂಡಿತು. ಸೂಟ್‌ಕೇಸನ್ನು ಬಲಗೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, ಇಪ್ಪತ್ಮೂರೇ, ಒಂದು ಗ್ರಾಂ ಆಚೀಚೆ ಇಲ್ಲ ಎಂದು ತೀರ್ಪು ಕೊಟ್ಟರು. ಆಮೇಲೆ ಮಗಳನ್ನು ಕರೆದುಕೊಂಡು ಕೊನೆಯ ಐಸ್‌ಕ್ರೀಮ್ ತಿನ್ನಿಸಲು ಹೋದರು. ಹತ್ತು ವರ್ಷದ ಮಗಳಿಗೆ ನಾವು ಇಟ್ಟಿರುವ ಹೆಸರು ಪಟಾಕಿ. ಅವಳ ಬಾಯಿಗೆ ಬಿಡುವೇ ಇಲ್ಲ.

ಅವರು ಅತ್ತ ಹೋದದ್ದೇ ತಡ, ನಮ್ಮತ್ತೆ ಮಂಚದ ಕೆಳಗಿಂದ ಟವೆಲಿನ ಗಂಟೊಂದನ್ನು ಎಳೆದರು. ಒಳಗೆ ಗುಂಡಗಿನ ಕಪ್ಪು ಕಲ್ಲು, ಇನ್ನೂ ಮರಳು ಅಂಟಿಕೊಂಡಿತ್ತು. ಬೆಳಗಿನ ವಾಕಿಂಗ್ ಎಂದು ಒಬ್ಬರೇ ಸಮುದ್ರದ ದಂಡೆಗೆ ಹೋಗಿದ್ದು ಇದಕ್ಕೇ ಎಂದು ಆಗ ಗೊತ್ತಾಯಿತು.

ಆ ಕಲ್ಲಿನ ಕತೆ ನನಗೆ ಹೊಸದಲ್ಲ. ತೀರಿಹೋದ ನಮ್ಮ ಮಾವನವರು ಇಂಥದೇ ಒಂದು ಗುಂಡುಕಲ್ಲನ್ನು ಮಗನ ಪುಟ್ಟ ಕೈಯಲ್ಲಿಟ್ಟು, ನಡುನಡುವೆ ಬೇರೆ ಕಲ್ಲು ಬದಲಿಸಿ, ‘ಎಷ್ಟು?’ ಎಂದು ಕೇಳುತ್ತಿದ್ದರಂತೆ. ಸರಿ ಹೇಳಿದರೆ ಅತ್ತೆ ಅಂಗೈಗೆ ಒಂದು ಚಮಚ ಸಕ್ಕರೆ ಹಾಕಬೇಕು. ನಮ್ಮವರ ಕೈ ಪಳಗಿದ್ದು ಹಾಗೆ. ರಿಪೇರಿ ಅಂಗಡಿ ಬೇರೆ ಬೀದಿಗೆ ಸ್ಥಳಾಂತರವಾದಾಗ ಆ ಕಲ್ಲು ಎಲ್ಲೋ ಕಳೆದುಹೋಯಿತು. ಅವತ್ತು ಕಟ್ಟಿದ ಸಾಮಾನನ್ನು ತಾನೇ ಸರಿಯಾಗಿ ಎಣಿಸಲಿಲ್ಲ ಎಂದು ಅತ್ತೆ ಇವತ್ತಿಗೂ ಕೊರಗುತ್ತಾರೆ.

“ಊರಿಗೆ ಹೋಗಿ ನಾನೇ ಅವನ ಕೈಗೆ ಕೊಡ್ತೀನಿ. ಅಲ್ಲೀವರೆಗೂ ಬಾಯಿ ಬಿಡಬೇಡ ಕಣೇ,” ಎಂದರು.

ತೂಕ ಹೆಚ್ಚಾಗುತ್ತೆ ಅತ್ತೆ ಎನ್ನಬೇಕಿತ್ತು. ಎನ್ನಲಿಲ್ಲ. ಇವರ ಕೈ ಒಂದು ಸಲ ಸೋಲುವುದನ್ನು ನೋಡುವ ಆಸೆ ನನಗೂ ಇತ್ತು, ಸುಳ್ಳು ಯಾಕೆ ಹೇಳಲಿ. ಇಬ್ಬರೂ ಸೇರಿ ಕಲ್ಲನ್ನು ಬಟ್ಟೆಗಳ ತಳಕ್ಕೆ ತುರುಕಿದೆವು.

ವಿಮಾನ ನಿಲ್ದಾಣದಲ್ಲಿ ನಮ್ಮವರು ಸೂಟ್‌ಕೇಸನ್ನು ಬೆಲ್ಟಿನ ಮೇಲಿಟ್ಟು, ಮಾವನ ಮನೆಗೆ ಬಂದ ಅಳಿಯನ ಹಾಗೆ ಕೈಕಟ್ಟಿ ನಿಂತರು. ಕೆಂಪು ಅಂಕಿ ಹತ್ತಿಕೊಂಡಿತು. ಪಟಾಕಿ ಇಡೀ ಸಾಲಿಗೆ ಕೇಳುವಂತೆ ಓದಿದಳು. ಇಪ್ಪತ್ನಾಲ್ಕು ಪಾಯಿಂಟ್ ನಾಲ್ಕು.

ಕೌಂಟರಿನ ಹುಡುಗಿ ನಗುತ್ತಲೇ ತಲೆಯಾಡಿಸಿ, ಬೆರಳಿನಿಂದ ತೆರೆದು ತೆಗೆಯುವ ಸನ್ನೆ ಮಾಡಿದಳು. ಯಂತ್ರವೇ ಸರಿಯಿಲ್ಲ ಎಂದು ಇವರು ಜಗಳ ತೆಗೆಯುತ್ತಾರೆ ಎಂದು ನಾನು ಕಾದೆ. ಇವರು ಸೂಟ್‌ಕೇಸನ್ನು ಎತ್ತಿದರು, ಇಳಿಸಿದರು. ಒಮ್ಮೆ ಹಿಂದಿರುಗಿ ನೋಡಿದರು. ಅತ್ತೆ ಪಟಾಕಿಯ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡು, ಎಲ್ಲಿ ಕಲ್ಲನ್ನು ಇಲ್ಲೇ ಎಸೆದುಬಿಡುತ್ತಾರೋ ಎಂದು ಬಿಳಿಚಿಕೊಂಡಿದ್ದರು.

“ನನ್ನ ಕೈ ತಪ್ಪಿತು,” ಎಂದರು ನಮ್ಮವರು.

ಜಿಪ್ಪನ್ನು ಒಂದು ಗೇಣು ಮಾತ್ರ ತೆರೆದು, ಒಳಗೆ ನೋಡದೆ ಕೈಹಾಕಿ ಸ್ವಲ್ಪ ಹೊತ್ತು ತಡಕಾಡಿ, ತಮ್ಮ ಎರಡು ದಪ್ಪ ಸ್ವೆಟರ್‌ಗಳನ್ನು ಹೊರಗೆಳೆದರು. ಒಂದರ ಮೇಲೊಂದು ಹಾಕಿಕೊಂಡರು. ಅಂಕಿ ಇಪ್ಪತ್ಮೂರಕ್ಕೆ ಇಳಿಯಿತು. ಅಪ್ಪ ಗೋಣಿಮೂಟೆ ಥರ ಕಾಣ್ತಿದ್ದಾರೆ ಎಂದು ಪಟಾಕಿ ನಕ್ಕಿದ್ದೇ ನಕ್ಕಿದ್ದು.

ಹದಿನೈದು ವರ್ಷ ಕಾದ ಮಾತು ಕಿವಿಗೆ ಬಿದ್ದಿತ್ತು. ಆದರೆ ವಿಮಾನದಲ್ಲಿ ಅವರು ಬೆವರುತ್ತಾ ಕಿಟಕಿಯಾಚೆ ನೋಡುತ್ತಿದ್ದರೆ, ನಾನು ಕೊಟ್ಟ ಊಟವನ್ನು ಹಾಗೇ ಮುಚ್ಚಿಟ್ಟೆ. ಪಾಪದವರ ಹೊಟ್ಟೆಯ ಮೇಲೆ ಹೊಡೆದ ಹಾಗಾಯಿತಲ್ಲ ಎನಿಸಿತು. ನಾಳೆಯಿಂದ ಈ ಕೈಯನ್ನು ಅವರೇ ನಂಬದೆ ಹೋದರೆ ಗತಿಯೇನು? ಹೇಳಿಬಿಡಲೇ ಎಂದು ಬಾಯಿ ತೆರೆದಾಗಲೆಲ್ಲ ಹಿಂದಿನ ಸೀಟಿನಿಂದ ಅತ್ತೆ ನನ್ನ ಬೆನ್ನಿಗೆ ತಿವಿದರು.

ಮನೆಗೆ ಬಂದು ಬೀಗ ತೆಗೆದು, ಕಾಲು ತೊಳೆದದ್ದೇ ಅತ್ತೆ ಸೂಟ್‌ಕೇಸಿನ ತಳ ಬಗೆದರು. ಕಲ್ಲನ್ನು ಸೆರಗಿನಲ್ಲಿ ಒರೆಸಿ, ಮಗನ ಅಂಗೈಯಲ್ಲಿಟ್ಟು ಕೇಳಿದರು.

“ಎಷ್ಟು?”

ನಮ್ಮವರು ಕಣ್ಣು ಕೂಡ ಮುಚ್ಚಲಿಲ್ಲ.

“ಒಂದು ಕೆಜಿ ನಾನೂರು ಗ್ರಾಂ. ಕೌಂಟರಲ್ಲೇ ಎತ್ತಿದಾಗ ಗೊತ್ತಾಯ್ತಮ್ಮ. ಒಳಗೆ ಕೈಹಾಕಿದಾಗ ಕೈಗೇ ಸಿಕ್ತು.”

ನನಗೆ ಸಿಟ್ಟೂ ಬಂತು, ಹೋದ ಜೀವವೂ ಬಂತು. ಮತ್ತೆ ಅಲ್ಲಿ ಕೈ ತಪ್ಪಿತು ಅಂದಿದ್ದು ಯಾಕೆ ಎಂದು ಜೋರಾಗಿಯೇ ಕೇಳಿದೆ.

“ಅಮ್ಮನ ಮುಖ ನೋಡಿದೆ ಕಣೇ. ಅಲ್ಲಿ ಯಾರದಾದ್ರೂ ಒಬ್ಬರದು ತಪ್ಪಾಗ್ಬೇಕಿತ್ತು. ನನ್ನದೇ ಆಗ್ಲಿ ಅಂದ್ಕೊಂಡೆ,” ಎಂದರು.

ಹದಿನೈದು ವರ್ಷ ಕಾದು ಪಡೆದ ಒಂದೇ ಒಂದು ತಪ್ಪೊಪ್ಪಿಗೆ, ಅದೂ ಸುಳ್ಳು. ಅವರ ಸ್ವೆಟರ್ ಬಿಚ್ಚಲು ಕೈಹಾಕಿದೆ, ಇನ್ನೂ ಎರಡನ್ನೂ ಹಾಕಿಕೊಂಡೇ ಇದ್ದರು. ಅತ್ತೆ ಮೂಗು ಒರೆಸಿಕೊಂಡು ಅಡುಗೆಮನೆಗೆ ಹೋಗಿ ಸಕ್ಕರೆ ಡಬ್ಬಿ ತಂದರು. ನಲವತ್ತೈದು ವರ್ಷದ ನಮ್ಮವರು ಅಂಗೈ ಚಾಚಿದರು.