ಕೆಳಗಿನ ಕೋಣೆಯ ಬುಕಿಂಗ್

“ಹೆಂಡತಿಯ ಅಕ್ಕ ಅಂದ್ರೆ ಹತ್ತಿರದ ಕುಟುಂಬದ ಲೆಕ್ಕಕ್ಕೆ ಬರಲ್ಲ ಸರ್,” ಎಂದಳು ಫೋನಿನಲ್ಲಿದ್ದ ಬುಕಿಂಗ್ ಕಂಪನಿಯ ಸಹಾಯವಾಣಿಯ ಹುಡುಗಿ.

ಲಿಫ್ಟ್ ಮಾಮ ಮೊಬೈಲನ್ನು ಕಿವಿಯಿಂದ ದೂರ ಹಿಡಿದು, ತಪ್ಪೆಲ್ಲ ಅದರದ್ದೇ ಎಂಬಂತೆ ದುರುಗುಟ್ಟಿ ನೋಡಿದರು. ಆಮೇಲೆ ಮತ್ತೆ ಕಿವಿಗಿಟ್ಟು, ಹಾಗಾದರೆ ಆ ಲೆಕ್ಕಕ್ಕೆ ಯಾರ್ಯಾರು ಬರುತ್ತಾರೆ ಎಂದು ಕೇಳಿದರು. ತಂದೆ, ತಾಯಿ, ಹೆಂಡತಿ, ಮಕ್ಕಳು ಎಂದು ಅವಳು ಒಪ್ಪಿಸಿದಳು. ಅವರಲ್ಲಿ ಯಾರಾದರೂ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರೆ, ಬುಕಿಂಗ್ ರದ್ದು ಮಾಡಿದರೂ ಏನೂ ಆಗುವುದಿಲ್ಲವಂತೆ. ಅವಳ ದನಿಯಲ್ಲಿ ಸೊಕ್ಕೇನೂ ಇರಲಿಲ್ಲ, ಪಾಪ. ಯಾರೋ ಹೇಳಿಕೊಟ್ಟದ್ದನ್ನು ಹೇಳುತ್ತಿದ್ದಳು.

“ಹಾಗಾದ್ರೆ ನನ್ನ ಸೊಂಟಾನೇ ಮುರೀರಿ, ಎಲ್ಲ ಸರಿಹೋಗುತ್ತೆ,” ಎಂದಳು ಹಾಸಿಗೆಗೆ ಹೊಸ ಹೊದಿಕೆ ಹಾಸುತ್ತಿದ್ದ ಹೆಂಡತಿ.

ಬಹುಮಹಡಿ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುತ್ತಲೇ ಕೂದಲು ನರೆಸಿಕೊಂಡ ಮನುಷ್ಯ ಅವರು. ಕೆಲಸ ಬಿಟ್ಟ ಮೇಲೂ ಬೀದಿಯವರ ಬಾಯಲ್ಲಿ ಲಿಫ್ಟ್ ಮಾಮನಾಗಿಯೇ ಉಳಿದಿದ್ದರು. ಈಗ ಸಂಸಾರ ನಡೆಯುತ್ತಿದ್ದದ್ದು ಮನೆಯ ಕೆಳಗಿನ ಕೋಣೆಯಿಂದ. ಬೀದಿಗೆ ಬೇರೆ ಬಾಗಿಲು, ಮೂಲೆಯಲ್ಲಿ ವಾಶ್ ಬೇಸಿನ್, ಪಕ್ಕದಲ್ಲೇ ಬಚ್ಚಲು. ಅದನ್ನು ಆ್ಯಪ್ ಒಂದರ ಮೂಲಕ ಬಂದುಹೋಗುವವರಿಗೆ ಬಾಡಿಗೆಗೆ ಕೊಟ್ಟು, ಗಂಡ ಹೆಂಡತಿ ಮೇಲಿನ ಗೂಡಿನಂಥ ಮಹಡಿಯಲ್ಲಿದ್ದರು. ಆ ಮಹಡಿಯ ಮೆಟ್ಟಿಲು ಎಷ್ಟು ಕಡಿದಾಗಿತ್ತೆಂದರೆ ಫ್ರಿಜ್ಜನ್ನು ಕಿಟಕಿಯಿಂದ ಹಗ್ಗ ಕಟ್ಟಿ ಎಳೆದುಕೊಳ್ಳಬೇಕಾಗಿ ಬಂದಿತ್ತು. ಊರಿಗೆಲ್ಲ ಲಿಫ್ಟ್ ಸರಿಮಾಡಿದವರ ಮನೆ ನೋಡಿ ಎಂದು ನೆಂಟರು ನಗುತ್ತಿದ್ದರು.

ಆ್ಯಪ್‌ನಲ್ಲಿ ಅವರ ಹೆಸರಿನ ಪಕ್ಕ ಚಿನ್ನದ ಬಣ್ಣದ ಪುಟ್ಟ ರಿಬ್ಬನ್ನಿನ ಚಿತ್ರವಿತ್ತು. ಅದರ ಕೆಳಗೆ ‘ಅತ್ಯುತ್ತಮ ಆತಿಥೇಯ’ ಎಂಬ ಬಿರುದು. ಒಪ್ಪಿಕೊಂಡ ಬುಕಿಂಗನ್ನು ಒಮ್ಮೆಯೂ ಕೈಬಿಡದವರಿಗೆ ಮಾತ್ರ ಸಿಗುವ ಮರ್ಯಾದೆ ಅದು. ಅದಿದ್ದರೆ ಕೋಣೆ ಹುಡುಕುವವರ ಕಣ್ಣಿಗೆ ಮೊದಲ ಪುಟದಲ್ಲೇ ಬೀಳುತ್ತೀರಿ. ಮನೆಯವರೇ ಬುಕಿಂಗ್ ರದ್ದು ಮಾಡಿದರೋ, ವರ್ಷವಿಡೀ ರಿಬ್ಬನ್ ಇಲ್ಲ. ಕೋಣೆ ಯಾರೂ ತಿರುಗಿ ನೋಡದ ಕೊನೆಯ ಪುಟಗಳಿಗೆ ಇಳಿಯುತ್ತದೆ. ಮಾಮ ಅದಕ್ಕಾಗಿ ಏನೆಲ್ಲ ಮಾಡಿರಲಿಲ್ಲ! ಗೀಸರ್ ಕೆಟ್ಟಾಗ ಅತಿಥಿಗೆ ಬೆಳಿಗ್ಗೆ ಬೆಳಿಗ್ಗೆ ಬಿಸಿನೀರಿನ ಬಕೆಟ್ ಹೊತ್ತಿದ್ದರು. ಜ್ವರದಲ್ಲಿ ನಡುಗುತ್ತಲೇ ಸ್ಟೇಷನ್ನಿಗೆ ಹೋಗಿ ಅತಿಥಿಗಳನ್ನು ಕರೆತಂದಿದ್ದರು. ಕೆಲಸದಲ್ಲಿದ್ದಾಗ ಯಾರೂ ಅವರ ಬೆನ್ನು ತಟ್ಟಿದವರಲ್ಲ. ಲಿಫ್ಟ್ ನಿಂತಾಗ ಬೈಯಲು ಮಾತ್ರ ಜನಕ್ಕೆ ಅವರ ನೆನಪಾಗುತ್ತಿತ್ತು. ಹಾಗಾಗಿ ಮುಪ್ಪಿನಲ್ಲಿ ಬಂದ ಈ ರಿಬ್ಬನ್ನನ್ನು ದಿನಕ್ಕೊಮ್ಮೆಯಾದರೂ ತೆರೆದು ನೋಡದಿದ್ದರೆ ಅವರಿಗೆ ಸಮಾಧಾನವಿರುತ್ತಿರಲಿಲ್ಲ.

ಹೆಂಡತಿಯ ಅಕ್ಕ, ಮಾಮನಿಗೆ ಅತ್ತಿಗೆ, ಒಂಟಿ ಹೆಂಗಸು. ಲಾಂಡ್ರಿಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಲೇ ವಯಸ್ಸು ಕಳೆದವರು. ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದ ಅವರನ್ನು ಇಂದು ಸಂಜೆ ಆಸ್ಪತ್ರೆಯಿಂದ ಬಿಡುತ್ತಿದ್ದರು. ಎರಡು ತಿಂಗಳು ಮೆಟ್ಟಿಲು ಹತ್ತುವ ಹಾಗಿಲ್ಲ ಎಂದು ಡಾಕ್ಟರ ಅಪ್ಪಣೆ. ಅವರ ಸ್ವಂತ ಗೂಡು ಮೂರನೇ ಮಹಡಿಯಲ್ಲಿ. ಹಾಗಾಗಿ ಕೆಳಗಿನ ಕೋಣೆಯೊಂದೇ ದಾರಿ. ಆದರೆ ನಾಳಿದ್ದಿನಿಂದ ಅದನ್ನು ಯಾವುದೋ ತರಬೇತಿಗೆ ಬರುವ ಒಬ್ಬ ಮೇಷ್ಟ್ರು ಇಡೀ ತಿಂಗಳಿಗೆ ಬುಕ್ ಮಾಡಿದ್ದರು.

ಫೋನಿಡುವ ಮುಂಚೆ ಹುಡುಗಿ ಇನ್ನೊಂದು ಮಾತು ಹೇಳಿದಳು. ಕೋಣೆ ಉಳಿಯಲು ಯೋಗ್ಯವಾಗಿಲ್ಲದಿದ್ದರೆ, ಅಂದರೆ ಪೈಪು ಗೀಪು ಒಡೆದು ನೀರು ನಿಂತಿದ್ದರೆ, ಫೋಟೊ ಕಳಿಸಿದರೆ ಸಾಕು, ರದ್ದು ಮಾಡಿದ್ದು ಲೆಕ್ಕಕ್ಕೆ ಬರುವುದಿಲ್ಲ. ಮಾಮ ಅವಳಿಗೆ ಬಹಳ ಥ್ಯಾಂಕ್ಸ್ ಹೇಳಿದರು.

ಹೆಂಡತಿ ಅಕ್ಕನಿಗೆ ಗಂಜಿ ಮಾಡಿಡಲು ಮೇಲೆ ಹೋದದ್ದೇ ತಡ, ಅವರು ಹಳೆಯ ಟೂಲ್ ಬ್ಯಾಗಿನಿಂದ ಸ್ಪ್ಯಾನರ್ ತೆಗೆದು ಬೇಸಿನ್ ಕೆಳಗೆ ಮಂಡಿಯೂರಿದರು. ಪೈಪಿನ ನಟ್ಟನ್ನು ಸ್ವಲ್ಪ ಸಡಿಲ ಮಾಡುವುದು, ನಾಲ್ಕು ಹನಿ ನೆಲಕ್ಕೆ ಬಿದ್ದ ಮೇಲೆ ಫೋಟೊ ತೆಗೆಯುವುದು, ಮತ್ತೆ ಬಿಗಿ ಮಾಡುವುದು. ಇದರಿಂದ ಯಾರಪ್ಪನ ಗಂಟೂ ಹೋಗುವುದಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಲಿಫ್ಟಿಗೆ ಕೈಹಾಕುವ ಮುಂಚೆ ಕರೆಂಟ್ ತೆಗೆಯಬೇಕೆಂದು ಎಷ್ಟು ಜನ ಹೊಸಬರಿಗೆ ಬೈದು ಬುದ್ಧಿ ಕಲಿಸಿದ್ದರೋ, ಆ ಮನುಷ್ಯ ನೀರಿನ ಮೇನ್ ವಾಲ್ವ್ ಮುಚ್ಚುವುದನ್ನೇ ಮರೆತಿದ್ದರು. ನಟ್ಟು ಕೈಗೆ ಬಂತು. ನೀರು ಮೊದಲು ಅವರ ಮುಖಕ್ಕೆ ರಾಚಿತು, ಆಮೇಲೆ ಅಡ್ಡಡ್ಡವಾಗಿ ಚಿಮ್ಮಿ ಅತ್ತಿಗೆಗೆಂದು ಹಾಸಿದ್ದ ಹಾಸಿಗೆಯನ್ನು ತಲೆಯಿಂದ ಕಾಲಿನವರೆಗೆ ತೋಯಿಸಿತು. ವಾಲ್ವ್ ಕಡೆ ಓಡುವ ಮುಂಚೆ ಅವರು, ಹೇಳಿದರೆ ನಂಬಬೇಕು, ಒಂದು ಫೋಟೊ ತೆಗೆದುಕೊಂಡರು.

ಸದ್ದು ಕೇಳಿ ಹೆಂಡತಿ ಇಳಿದು ಬಂದಾಗ ಅವರು ತೊಪ್ಪೆಯಾಗಿ, ಒಂದು ಕೈಯಲ್ಲಿ ಸ್ಪ್ಯಾನರ್, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ನಿಂತಿದ್ದರು. ಅವಳಿಗೆ ಕೇಳಿ ತಿಳಿಯುವಂಥದ್ದೇನೂ ಉಳಿದಿರಲಿಲ್ಲ. ಬೈಯುತ್ತಾಳೆಂದು ಅವರು ಕಾದರು. ಬೈದಿದ್ದರೆ ಎಷ್ಟೋ ಸುಖವಿತ್ತು. ಅವಳು ಹಾಸಿಗೆಯ ಅಂಚನ್ನು ಒತ್ತಿ ನೋಡಿ, ಕೈಯನ್ನು ಸೆರಗಿಗೆ ಒರೆಸಿಕೊಂಡಳು.

“ನಮಗೆ ಜಾಗ ಬಿಟ್ಟುಕೊಡುವಾಗ ನಮ್ಮಕ್ಕ ಯಾರಿಗಾದ್ರೂ ಫೋನ್ ಮಾಡಿ ಕೇಳಿದ್ಲಾ?”

ಅಷ್ಟು ಹೇಳಿ ಒರೆಸುವ ಬಟ್ಟೆ ತರಲು ಹೋದಳು. ಮಾಮ ಒದ್ದೆ ನೆಲದ ಮೇಲೆ ಕುಕ್ಕರಿಸಿದರು.

ಮದುವೆಯಾದ ಹೊಸತು. ತಲೆಯ ಮೇಲೆ ಸೂರಿಲ್ಲದ ಇಬ್ಬರನ್ನು ಅತ್ತಿಗೆ ತಮ್ಮ ಒಂಟಿ ಕೋಣೆಗೆ ಕರೆದುಕೊಂಡಿದ್ದರು. ಮಂಚ ಅವರಿಗೆ ಕೊಟ್ಟು ತಾವು ಅಡುಗೆ ಮಾಡುವ ಮೂಲೆಯಲ್ಲಿ ಪರದೆ ಕಟ್ಟಿಕೊಂಡು ಮಲಗುತ್ತಿದ್ದರು. ಇದ್ದ ಒಂದೇ ಬೀಗದಕೈಯನ್ನೂ ಕೊಟ್ಟಿದ್ದರು. ಲಾಂಡ್ರಿಯಿಂದ ಬಂದವರು ಮೆಟ್ಟಿಲ ಮೇಲೆ ಒಮ್ಮೆ ಕೆಮ್ಮಿ, ಆಮೇಲೆ ತಮ್ಮ ಮನೆಯ ಬಾಗಿಲನ್ನೇ ತಟ್ಟಿ, ಒಳಗಿನಿಂದ ಯಾರಾದರೂ ತೆಗೆಯುವವರೆಗೆ ಕಾಯುತ್ತಿದ್ದರು. ಒಂದು ದಿನವೂ ಬಾಗಿಲನ್ನು ತಾವಾಗಿ ತಳ್ಳಿಕೊಂಡು ಬರಲಿಲ್ಲ. ನಿಮ್ಮ ಮನೆಗೆ ನೀವೇ ಬಾಗಿಲು ತಟ್ಟುವುದೇನು ಅತ್ತಿಗೆ ಎಂದು ಮಾಮ ಒಮ್ಮೆ ಸಂಕೋಚದಿಂದ ಕೇಳಿದ್ದಕ್ಕೆ, “ಒಳಗಿರೋರು ನೀವಲ್ವಾ?” ಎಂದು ನಕ್ಕಿದ್ದರು. ಆ ವರ್ಷ ಅವರಿಗೆ ಎಲ್ಲಿಂದಲೂ ಯಾವ ರಿಬ್ಬನ್ನೂ ಸಿಗಲಿಲ್ಲ. ಆ ಕೋಣೆಯಿಂದಲೇ ಲಿಫ್ಟ್ ಕೆಲಸಕ್ಕೆ ಸೇರಿದ್ದು, ಅಲ್ಲಿಂದಲೇ ಸಂಸಾರ ಒಂದು ದಡ ಕಂಡದ್ದು. ನೆನೆಯುತ್ತ ನೆನೆಯುತ್ತ ಮಾಮನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಆ ಹೆಂಗಸಿಗೆ ಏನಾದರೂ ಮಾಡಲು ತಮಗೊಂದು ಅವಕಾಶ ಬಂತಲ್ಲ ಎಂದು ಸಂತೋಷವಾಯಿತು.

ಅವರು ಫೋಟೊ ಅಳಿಸಿದರು. ಕೈ ಒರೆಸಿಕೊಂಡು ಮೇಷ್ಟ್ರಿಗೆ ಫೋನ್ ಹಚ್ಚಿದರು. ಪೈಪಿನ ಸುದ್ದಿ ಎತ್ತಲಿಲ್ಲ. ಅತ್ತಿಗೆ ಬಿದ್ದದ್ದು, ಮಹಡಿಯ ಮೆಟ್ಟಿಲು, ಒಂದೇ ಕೋಣೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ತಿರುವಿನಲ್ಲಿ ಬೇಕರಿಯವಳ ಮನೆಯಲ್ಲೊಂದು ಕೋಣೆಯಿದೆ, ಇದಕ್ಕಿಂತ ಗಾಳಿ ಬೆಳಕು ಚೆನ್ನಾಗಿದೆ, ಮಾತಾಡಿ ಕೊಡಿಸುತ್ತೇನೆ ಎಂದರು.

“ನಾನೇ ಕ್ಯಾನ್ಸಲ್ ಮಾಡಿಬಿಡ್ಲಾ?” ಎಂದು ಕೇಳಿದರು ಮೇಷ್ಟ್ರು. “ನಾವು ಮಾಡಿದ್ರೆ ನಿಮ್ಮ ಹೆಸರಿಗೆ ಏನೂ ಬರಲ್ಲ ಅಂತ ಕೇಳಿದೀನಿ.”

ಇಂಥ ಉಪಾಯವೂ ಇದೆಯೆಂದು ಮಾಮನಿಗೆ ಗೊತ್ತಿಲ್ಲದ್ದೇನಲ್ಲ. ಎಷ್ಟೋ ಮನೆಯವರು ಅತಿಥಿಗಳನ್ನು ಕಾಡಿ ಬೇಡಿ ಮಾಡಿಸುವುದೇ ಅದನ್ನು. ಆದರೆ ಇಷ್ಟು ತಡವಾಗಿ ಅತಿಥಿ ರದ್ದು ಮಾಡಿದರೆ ಕಟ್ಟಿದ ದುಡ್ಡು ಪೂರ್ತಿ ಕೈಗೆ ಬರುವುದಿಲ್ಲ. ಮುಖವನ್ನೇ ನೋಡಿರದ ಒಬ್ಬರು ತಾವಾಗಿಯೇ ಹಾಗೆ ಕೇಳಿದರಲ್ಲ ಎಂದು ಅವರ ಕಣ್ಣು ತುಂಬಿತು.

“ಬೇಡ ಮೇಷ್ಟ್ರೇ. ಮಾತು ತಪ್ತಿರೋದು ನಾನು. ನನ್ನ ಹೆಸರಿಗೇ ಇರ್ಲಿ.”

ರದ್ದು ಮಾಡಲು ಒತ್ತಿದಾಗ ಆ್ಯಪ್ ಒಮ್ಮೆಗೆ ಬಿಡಲಿಲ್ಲ. ರಿಬ್ಬನ್ ಹೋಗುತ್ತದೆ, ಒಪ್ಪಿಗೆಯೇ ಎಂದು ಕೇಳಿತು. ಕೋಣೆ ಕೆಳಗಿಳಿಯುತ್ತದೆ, ಒಪ್ಪಿಗೆಯೇ ಎಂದು ಮತ್ತೆ ಕೇಳಿತು. “ಊರನ್ನೆಲ್ಲ ಮೇಲೆ ಕಳಿಸಿದವನನ್ನ ಕೆಳಗಿಳಿಸ್ತಾರಂತೆ ಕಣೇ,” ಎಂದು ಹೆಂಡತಿಗೆ ಹೇಳುತ್ತ ಮಾಮ ಒತ್ತಿಯೇ ಬಿಟ್ಟರು. ರಿಬ್ಬನ್ ಇದ್ದ ಜಾಗ ಬರಿದಾಯಿತು. ಮಾಮ ಆ ಬರಿ ಜಾಗವನ್ನು ಬೆರಳಿನಿಂದ ಒಮ್ಮೆ ಒತ್ತಿ ನೋಡಿದರು. ಆದರೆ ಕೆಲಸ ಕರೆಯುತ್ತಿತ್ತು. ಒದ್ದೆ ಹಾಸಿಗೆಯನ್ನು ಬಿಸಿಲಿಗೆ ಹಾಕಿ, ಮೇಲಿದ್ದ ತಮ್ಮ ಹಾಸಿಗೆಯನ್ನು ಆ ಕಡಿದಾದ ಮೆಟ್ಟಿಲಲ್ಲಿ ಒಬ್ಬರು ಎಳೆದು ಒಬ್ಬರು ತಡೆದು ಇಳಿಸಿದರು. ನಡುವೆ ಸಿಕ್ಕಿಕೊಂಡಾಗ ಇಬ್ಬರಿಗೂ ನಗು ಬಂದು ಕೈಯಲ್ಲಿ ಬಲವೇ ಉಳಿಯಲಿಲ್ಲ.

ಸಂಜೆ ಆಸ್ಪತ್ರೆಯ ವ್ಯಾನು ಬಂತು. ಅತ್ತಿಗೆ ಹಾಸಿಗೆಯಲ್ಲಿ ಮಲಗಿ, ಗೋಡೆಯ ಮೇಲೆ ಅತಿಥಿಗಳಿಗೆಂದು ತೂಗುಹಾಕಿದ್ದ ನಿಯಮಗಳ ಹಲಗೆಯನ್ನು ಕಣ್ಣು ಕಿರಿದು ಮಾಡಿ ಓದಿದರು.

“ಹನ್ನೊಂದಕ್ಕೆ ಖಾಲಿ ಮಾಡ್ಬೇಕಂತಲ್ಲೇ,” ಎಂದರು ತಂಗಿಗೆ.

“ಅದು ಅತ್ಯುತ್ತಮ ಆತಿಥೇಯರ ಮನೇಲಿ ಅಕ್ಕ. ಇಲ್ಲಿ ಹಾಗೇನಿಲ್ಲ,” ಎಂದಳು ತಂಗಿ. ಮಾಮ ಹಲಗೆಯನ್ನು ಮೊಳೆಯಿಂದ ತೆಗೆದು ಮೇಲೆ ಒಯ್ದರು.

ಆ ದಿನಗಳು ದುಡ್ಡಿನ ಅಡಚಣೆಯಲ್ಲಿ ಕಳೆದವು. ಕೋಣೆ ಈಗ ಯಾವ ಪುಟದಲ್ಲಿದೆಯೋ ನೋಡಲು ಮಾಮ ಹೋಗಲಿಲ್ಲ. ಎರಡು ಕಟ್ಟಡಗಳ ಲಿಫ್ಟ್ ನೋಡಿಕೊಳ್ಳುವ ಬಿಡಿಗೆಲಸ ಒಪ್ಪಿಕೊಂಡರು. ಬೇಕರಿಯವಳ ಮನೆಯಲ್ಲಿದ್ದ ಮೇಷ್ಟ್ರು ಸಂಜೆ ಈ ದಾರಿಯಲ್ಲೇ ಬರುತ್ತ ಕಿಟಕಿಯಲ್ಲಿ ಅತ್ತಿಗೆಯ ಆರೋಗ್ಯ ವಿಚಾರಿಸಿ ಹೋಗುತ್ತಿದ್ದರು. ಒಣಗಿದ ಹಾಸಿಗೆಯನ್ನು ಅಕ್ಕನ ಜೊತೆ ಮಲಗುವ ಹೆಂಡತಿಗೆ ಬಿಟ್ಟು, ರಾತ್ರಿ ಬರಿ ಚಾಪೆಯ ಮೇಲೆ ಬೆನ್ನು ನೋಯುತ್ತಿದ್ದರೂ, ಕೆಳಗೆ ಅಕ್ಕ ತಂಗಿ ಏನನ್ನೋ ನೆನೆದು ನಗುವ ಸದ್ದು ಕೇಳುತ್ತ ಮಲಗಿದರೆ ಮಾಮನಿಗೆ ಸೊಗಸಾದ ನಿದ್ದೆ ಬರುತ್ತಿತ್ತು. ತಮ್ಮಷ್ಟು ಪುಣ್ಯವಂತರು ಈ ಬೀದಿಯಲ್ಲಿ ಯಾರೂ ಇಲ್ಲ ಎನಿಸುತ್ತಿತ್ತು.

ಒಂದು ಬೆಳಿಗ್ಗೆ ಹೆಂಡತಿ ಅಂಗಡಿಗೆ ಹೋಗಿದ್ದಾಗ ಅವರೇ ಚಹಾ ಮಾಡಿ ತಂದರು. ಕೆಳಗಿನ ಕೋಣೆಯ ಬಾಗಿಲು ಬರಿದೇ ಮುಚ್ಚಿತ್ತು, ಹಿಡಿ ತಿರುಗಿಸಿದರೆ ತೆರೆಯುತ್ತಿತ್ತು. ಅವರು ಒಮ್ಮೆ ಕೆಮ್ಮಿ, ಬಾಗಿಲು ತಟ್ಟಿದರು.

“ಯಾರು?”

“ನಾನು ಅತ್ತಿಗೆ.”

ಬನ್ನಿ ಎನ್ನುತ್ತಾರೆಂದು ಅವರು ಕಾದರು. ಅದರ ಬದಲು ಮಂಚ ಕಿರುಗುಟ್ಟಿತು. ವಾಕರಿನ ರಬ್ಬರ್ ಕಾಲುಗಳು ನೆಲಕ್ಕೆ ಊರಿದ ಸದ್ದು, ಒಂದು ಹೆಜ್ಜೆ, ಉಸಿರು, ಇನ್ನೊಂದು ಹೆಜ್ಜೆ. ಅಲ್ಲಿಯವರೆಗೆ ಅತ್ತಿಗೆ ಯಾರ ಆಸರೆಯೂ ಇಲ್ಲದೆ ಮಂಚದಿಂದ ಎದ್ದಿರಲಿಲ್ಲ. ಮಾಮನ ಕೈ ತಾನಾಗಿ ಹಿಡಿಯತ್ತ ಹೋಯಿತು, ಹಾಗೇ ಹಿಂದಕ್ಕೆ ಬಂತು. ಎರಡೂ ಕೈಯಲ್ಲಿ ಲೋಟ ಹಿಡಿದು ನಿಂತರು. ಚಹಾದ ಮೇಲೆ ಕೆನೆ ಕಟ್ಟತೊಡಗಿತು. ಸದ್ದು ಬಾಗಿಲಿನವರೆಗೆ ಬಂದು ನಿಂತಿತು, ಹಿಡಿ ಒಳಗಿನಿಂದ ಮೆಲ್ಲಗೆ ತಿರುಗಿತು.