ಪ್ರಾಣೇಶ ಬರೆಯದ ಸಮ್ಮೇಳನ

ಈ ಸಲದ ಭಾಷಾ ತಂತ್ರಜ್ಞಾನ ಸಮ್ಮೇಳನ ಕಾಶಿಯಲ್ಲೇ ನಡೆಯುತ್ತದೆಂದು ಗೊತ್ತಾದ ಮೇಲೆ ಪ್ರಾಣೇಶ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಲ್ಯಾಪ್‌ಟಾಪ್ ಚೀಲ ತೊಡೆಯ ಮೇಲಿಟ್ಟುಕೊಂಡು ಹೊರಗಿನ ಕೋಣೆಯಲ್ಲಿ ಕೂತುಬಿಡುತ್ತಿದ್ದ. ಆಸ್ಪತ್ರೆಗೆ ಹೊರಟ ಹೆಂಡತಿ ಕೃಷ್ಣವೇಣಿ ಚಪ್ಪಲಿ ಮೆಟ್ಟುತ್ತ ಹೇಳುತ್ತಿದ್ದಳು:

“ಇವತ್ತಲ್ಲರೀ. ಇನ್ನೂ ಟೈಮ್ ಅದ.”

“ಹೌದೇನು? ನಾ ಇವತ್ತಂತ ತಿಳಕೊಂಡಿದ್ದೆ,” ಎಂದು ಅವನು ನಕ್ಕು, ಅಂಗಿ ಬಿಚ್ಚಿ ಮಡಿಚಿಡುತ್ತಿದ್ದ. ಮರುದಿನ ಮತ್ತೆ ಅದೇ.

ಇಬ್ಬರೂ ಧಾರವಾಡದವರು. ಮದುವೆಯಾದ ಹೊಸದರಲ್ಲೇ ವಿಶ್ವವಿದ್ಯಾಲಯದ ಕೆಲಸಕ್ಕೆಂದು ಕಾಶಿಗೆ ಬಂದು ಇಲ್ಲೇ ನಿಂತವರು. ಪ್ರಾಣೇಶ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ. ಕೃಷ್ಣವೇಣಿ ಕಣ್ಣಿನ ಡಾಕ್ಟರು. ದಿನವಿಡೀ ಹಿಂದಿಯಲ್ಲೇ ಕಳೆಯಬೇಕಾದ ಊರಿನಲ್ಲಿ ಕನ್ನಡ ಬರೆಯುವ ಆಸೆಗೆ ಪ್ರಾಣೇಶ ಬ್ಲಾಗ್ ಶುರುಮಾಡಿದ್ದ. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವುದು ಹೇಗೆ, ಹಳೆಯ ಪುಸ್ತಕದ ಪುಟವನ್ನು ಯಂತ್ರದಿಂದ ಓದಿಸುವುದು ಹೇಗೆ, ಇಂಥದ್ದನ್ನೆಲ್ಲ ಪಕ್ಕದಲ್ಲಿ ಕೂತು ಹೇಳಿಕೊಟ್ಟ ಹಾಗೆ ಬರೆಯುತ್ತಿದ್ದ. ವರ್ಷಕ್ಕೊಮ್ಮೆ ಈ ಸಮ್ಮೇಳನ ಬಂತೆಂದರೆ ಅವನಿಗೆ ಹಬ್ಬ. ಹೈದರಾಬಾದೋ ಕೊಚ್ಚಿಯೋ ಗುವಾಹಟಿಯೋ, ಎಲ್ಲೇ ಇರಲಿ ಹೋಗುತ್ತಿದ್ದ. ವಾಪಸು ಬರುವಾಗ ರೈಲಿನ ಮೇಲಿನ ಬರ್ತಿನಲ್ಲೇ ಕೂತು ಉದ್ದನೆಯ ವರದಿ ಬರೆದು ಮುಗಿಸುತ್ತಿದ್ದ. “ನೀನೂ ಬಾ, ಎರಡು ದಿನದ ಮಾತು,” ಎಂದು ಪ್ರತಿ ವರ್ಷ ಹೆಂಡತಿಯನ್ನು ಕರೆಯುತ್ತಿದ್ದ. ಪ್ರತಿ ವರ್ಷ ಅವಳಿಗೆ ಡ್ಯೂಟಿ ಇರುತ್ತಿತ್ತು.

ಅವನಿಗಿನ್ನೂ ಐವತ್ತೈದು ತುಂಬಿರಲಿಲ್ಲ, ಪಾಠದ ನಡುವೆ ಏನು ಹೇಳುತ್ತಿದ್ದೆ ಎಂಬುದೇ ಮರೆತು ನಿಲ್ಲತೊಡಗಿದ. ಮನೆಗೆ ಬರುವ ದಾರಿ ಒಮ್ಮೆ ತಪ್ಪಿತು. ಮೆದುಳಿನ ಸ್ಕ್ಯಾನ್ ನೋಡಿದ ಡಾಕ್ಟರು ಕೃಷ್ಣವೇಣಿಯ ಜೊತೆಯವರೇ. ಯಾವಾಗಲೂ ‘ಮೇಡಂ’ ಎನ್ನುತ್ತಿದ್ದವರು ಅವತ್ತು ‘ಭಾಭೀಜಿ’, ಅತ್ತಿಗೆಯವರೇ, ಎಂದು ಮಾತು ಶುರುಮಾಡಿದರು. ಉಳಿದದ್ದನ್ನು ಅವರು ಹೇಳುವ ಮೊದಲೇ ಅವಳಿಗೆ ಅರ್ಥವಾಗಿತ್ತು. ಪ್ರಾಣೇಶ ರಜೆಯ ಮೇಲೆ ಮನೆಯಲ್ಲೇ ಉಳಿದ. ಬ್ಲಾಗ್ ನಿಂತುಹೋಯಿತು. ಆದರೆ ಸಮ್ಮೇಳನವೊಂದನ್ನು ಮಾತ್ರ ಅವನು ಮರೆಯಲಿಲ್ಲ.

ಕೊನೆಗೂ ಆ ದಿನ ಬಂತು. ಕೃಷ್ಣವೇಣಿ ರಜೆ ಹಾಕಿ ತಾನೂ ಹೆಸರು ನೋಂದಾಯಿಸಿದ್ದಳು. ವಿಶ್ವವಿದ್ಯಾಲಯದ ಸಭಾಂಗಣದ ಬಾಗಿಲಲ್ಲಿ ಇಬ್ಬರ ಕೊರಳಿಗೂ ನೀಲಿ ದಾರದ ಬಿಲ್ಲೆ ಹಾಕಿದರು. ಪ್ರಾಣೇಶ ಅದನ್ನು ಕೈಯಲ್ಲಿ ಹಿಡಿದು ತನ್ನ ಹೆಸರು ಓದಿಕೊಂಡ. ಎಷ್ಟೋ ತಿಂಗಳ ಮೇಲೆ ಅವನ ಬೆನ್ನು ನೆಟ್ಟಗಾದದ್ದನ್ನು ಅವಳು ನೋಡಿದಳು.

ಮೊದಲ ಭಾಷಣ ಸುಜಯ್‌ನದು. ಹುಬ್ಬಳ್ಳಿಯ ಹುಡುಗ, ಕಾಲೇಜಿನಲ್ಲಿದ್ದಾಗಿನಿಂದ ಪ್ರಾಣೇಶನ ಬ್ಲಾಗ್ ಓದಿಕೊಂಡು ಬಂದವನು. ಈಗ ಆಡಿದ ಕನ್ನಡವನ್ನು ಕೇಳಿ ಬರೆದುಕೊಳ್ಳುವ ಯಂತ್ರ ತಯಾರಿಸುತ್ತಿದ್ದ. ಬಂದು ಕಾಲುಮುಟ್ಟಿ ನಮಸ್ಕಾರ ಮಾಡಿದವನಿಗೆ ಪ್ರಾಣೇಶ, “ಎಲ್ಲಾರಿಗೂ ಒಳ್ಳೇದಾಗಲಿ,” ಎಂದ. ಸುಜಯ್ ಕೃಷ್ಣವೇಣಿಯ ಮುಖ ನೋಡಿದ. ಅವಳು ಮೆಲ್ಲಗೆ ತಲೆಯಾಡಿಸಿದಳು.

ಭಾಷಣ ಮುಗಿದ ಕೂಡಲೇ ಪ್ರಾಣೇಶ ಕೈ ಎತ್ತಿದ. ಮೈಕು ಅವನಿಗೆ ಬಂತು. ಸ್ಪಷ್ಟವಾದ ಇಂಗ್ಲಿಷಿನಲ್ಲಿ ಕೇಳಿದ: “ನಿಮ್ಮ ಯಂತ್ರ ಪತ್ರಿಕೆಯ ಕನ್ನಡ ಕಲಿತಿದೆ. ಇದೇ ಊರಿನಲ್ಲಿ ನಮ್ಮವರ ಮನೆಗಳಿವೆ. ಅಲ್ಲಿ ಅಜ್ಜಿಯರು ಹಿಂದಿ, ಭೋಜಪುರಿ ಬೆರೆಸಿದ ಕನ್ನಡ ಮಾತಾಡುತ್ತಾರೆ. ಅವರ ಮಾತನ್ನು ಯಂತ್ರಕ್ಕೆ ಯಾರು ಕಲಿಸುತ್ತಾರೆ?”

ಸಭೆಯಲ್ಲಿ ಚಪ್ಪಾಳೆ ಬಿತ್ತು. ಸುಜಯ್ ಖುಷಿಯಿಂದ ಉತ್ತರ ಕೊಟ್ಟ. ಕೃಷ್ಣವೇಣಿಗೆ ಒಂದು ಗಳಿಗೆ ಎಲ್ಲ ಸುಳ್ಳೆನ್ನಿಸಿತು. ಸ್ಕ್ಯಾನು, ಮಾತ್ರೆ, ಎಲ್ಲ. ಇನ್ನೊಬ್ಬರು ಏನೋ ಕೇಳಿದರು. ಆಮೇಲೆ ಪ್ರಾಣೇಶ ಮತ್ತೆ ಕೈ ಎತ್ತಿದ. ಅದೇ ಪ್ರಶ್ನೆಯನ್ನು ಅದೇ ಮಾತುಗಳಲ್ಲಿ, ಅಷ್ಟೇ ಹುರುಪಿನಿಂದ ಕೇಳತೊಡಗಿದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೈಕು ತಂದುಕೊಟ್ಟಿದ್ದ ಹುಡುಗಿ ಅದನ್ನು ಹಿಂದಕ್ಕೆ ತಗೊಳ್ಳಲು ಕೈ ಚಾಚಿದಳು. ವೇದಿಕೆಯಿಂದ ಸುಜಯ್, “ಸರ್ ಮಾತಾಡಲಿ,” ಎಂದ. ಪ್ರಶ್ನೆ ಪೂರ್ತಿ ಕೇಳಿಸಿಕೊಂಡು, ಈಗಷ್ಟೇ ಹೊಳೆದದ್ದೆಂಬಂತೆ ಮೊದಲಿನಿಂದ ಉತ್ತರ ಹೇಳಿದ. ಈ ಸಲ ಚಪ್ಪಾಳೆ ಬೀಳಲಿಲ್ಲ. ಪ್ರಾಣೇಶ ತೃಪ್ತಿಯಿಂದ ಕೂತ. ಕೃಷ್ಣವೇಣಿ ತಲೆ ತಗ್ಗಿಸಿ ಕೊರಳ ದಾರವನ್ನು ಬೆರಳಿಗೆ ಸುತ್ತುತ್ತ ಉಳಿದಳು.

ಊಟದ ಹೊತ್ತಿಗೆ ಅವನನ್ನು ಕುರ್ಚಿಯ ಮೇಲೆ ಕೂರಿಸಿ ಅವಳು ತಟ್ಟೆ ತರಲು ಹೋದಳು. ಬಂದು ನೋಡಿದರೆ ಕುರ್ಚಿ ಖಾಲಿ. ಸುಜಯ್ ಸಭಾಂಗಣದ ಸುತ್ತ ಓಡಿದ. ಅವಳು ದೊಡ್ಡ ಗೇಟಿನತ್ತ ಓಡಿ, ಆಟೋದವರನ್ನು, ಚಹಾದಂಗಡಿಯವರನ್ನು ಕೇಳಿದಳು. ಯಾರೂ ನೋಡಿರಲಿಲ್ಲ. ಗೋದೌಲಿಯಾ ಪೇಟೆಯ ಜಂಗುಳಿಯೊಳಗೆ ಸಿಕ್ಕಿಕೊಂಡನೋ, ನದಿಯ ಮೆಟ್ಟಿಲಿಳಿದನೋ ಎಂದು ಅವಳು ರಸ್ತೆಯ ಎರಡೂ ಕಡೆ ನೋಡುತ್ತಿರುವಾಗ ಫೋನ್ ಬಂತು. ಶಿವಾಲ ಓಣಿಯ ಗೋದಾಬಾಯಿ. ಕಾಶಿಗೆ ಬಂದ ಹೊಸದರಲ್ಲಿ ಗಂಡಹೆಂಡತಿ ಬಾಡಿಗೆಗಿದ್ದದ್ದು ಅವರ ಮನೆಯ ಮಾಳಿಗೆಯಲ್ಲಿ. ದಕ್ಷಿಣದಿಂದ ಬಂದವರಿಗೆ ಶ್ರಾದ್ಧ ಮಾಡಿಸುವ ಪುರೋಹಿತರ ಮನೆ ಅದು.

“ಕೃಷ್ಣಾ, ನಿನ್ನ ಯಜಮಾನರು ಇಲ್ಲಿ ಬಂದಾರವಾ. ಗಾಬರಿ ಆಗಬ್ಯಾಡ. ಅವಲಕ್ಕಿ ತಿನ್ನಲಿಕ್ಕೆ ಹತ್ತ್ಯಾರ.”

ಅವಳು ಒಳಗೆ ಕಾಲಿಟ್ಟಾಗ ಪ್ರಾಣೇಶ ಗೋದಾಬಾಯಿಗೆ ಸಮ್ಮೇಳನದ ಸುದ್ದಿ ಹೇಳುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

“ಬರ್ರಿ, ಬರ್ರಿ. ಕೂಡ್ರಿ.”

ಮದುವೆಯಾದಂದಿನಿಂದ ಅವನು ಅವಳಿಗೆ ‘ನೀ’ ಬಿಟ್ಟು ಬೇರೆ ಅಂದದ್ದಿಲ್ಲ. ಗೋದಾಬಾಯಿಯ ಮುಖ ಬಿಳುಚಿತು. “ಪ್ರಾಣೇಶಾ, ಯಾರು ಬಂದಾರ ನೋಡಪ್ಪಾ,” ಎಂದರು.

ಅವನು ಅವಳ ಕೊರಳಲ್ಲಿದ್ದ ಬಿಲ್ಲೆ ನೋಡಿದ. “ನೀವೂ ಸಮ್ಮೇಳನಕ್ಕ ಬಂದೀರೇನು? ಭಾಳ ಚಲೋ ಆತು. ಹೆಣ್ಣುಮಕ್ಕಳು ಬರೋದು ಕಡಿಮಿ ಅಲ್ಲಿ.”

ಕೃಷ್ಣವೇಣಿ ಗೋಡೆಗೆ ಕೈ ಕೊಟ್ಟು ಚಾಪೆಯ ಮೇಲೆ ಕೂತಳು. “ಹೌದರಿ,” ಎಂದಳು. “ಬಂದೇನಿ.”

“ನಮ್ಮ ಮನಿಯಾಕಿ ಡಾಕ್ಟರು. ಡ್ಯೂಟಿಗೆ ಹೋಗ್ಯಾಳ, ಸಂಜಿಗೆ ಬರ್ತಾಳ. ಮುಂದಿನ ಸಲ ಆಕಿನ್ನೂ ಕರಕೊಂಡು ಬರಬೇಕಂತ ಮಾಡೇನಿ.”

“ಬರ್ತಾರೇನು ಅವರು?”

“ಬರ್ತಾಳ. ನಾನs ಸರಿಯಾಗಿ ಕರದಿಲ್ಲ, ಅಷ್ಟs.”

ಗೋದಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಕಣ್ಣೊರೆಸಿಕೊಂಡು ಬಂದು, “ಇವರು ನಿಮ್ಮ ಮನಿ ಕಡೆನs ಹೊಂಟಾರ. ಇವರ ಜೋಡಿ ಹೋಗಪ್ಪಾ,” ಎಂದರು. ಹಿರಿಯರ ಮಾತಿಗೆ ಅವನು ಎದುರಾಡಲಿಲ್ಲ.

ಈ-ರಿಕ್ಷಾದಲ್ಲಿ ಅವನು ಸೀಟಿನ ಆ ತುದಿಗೆ ಒತ್ತಿ ಕೂತ. ಪರಸ್ತ್ರೀಗೆ ಮೈ ತಗಲಬಾರದೆಂದು ಚೀಲವನ್ನು ನಡುವೆ ಇಟ್ಟ. ಹರಿಶ್ಚಂದ್ರ ಘಾಟಿನ ಕಡೆಗೆ ಶವವೊಂದನ್ನು ಹೊತ್ತೊಯ್ಯುತ್ತಿದ್ದವರು ಎದುರಾಗಿ, ರಿಕ್ಷಾ ಗಕ್ಕನೆ ನಿಂತಿತು. ಕೃಷ್ಣವೇಣಿ ಅಭ್ಯಾಸಬಲದಿಂದ ಅವನ ಕೈ ಹಿಡಿದಳು. ಅವನು ನೋಯದ ಹಾಗೆ ಕೈ ಬಿಡಿಸಿಕೊಂಡು ಪಕ್ಕದ ಕಬ್ಬಿಣದ ಸರಳು ತೋರಿಸಿದ.

“ಇದನ್ನ ಹಿಡ್ಕೊಳ್ರಿ. ರಸ್ತಾ ಸರಿ ಇಲ್ಲ.”

ಅವಳು ಸರಳು ಹಿಡಿದುಕೊಂಡಳು. ಮನೆ ಬರುವವರೆಗೂ ಬಿಡಲಿಲ್ಲ.

ಮನೆಗೆ ಬಂದು ಅವನು ಕೈಕಾಲು ತೊಳೆದುಕೊಂಡ. ಟವೆಲಿನಿಂದ ಮುಖ ಒರೆಸುತ್ತ ಬಚ್ಚಲಿನಿಂದ ಹೊರಗೆ ಬಂದವನು, “ಕೃಷ್ಣಾ, ಚಹಾ ಇಡ್ತೀಯೇನು?” ಎಂದು ಕೇಳಿದ. ಏನೂ ನಡೆದೇ ಇಲ್ಲವೆಂಬಂತೆ. ಅವಳು ಅಡಿಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಬಹಳ ಹೊತ್ತು ನಿಂತಳು.

ಮರುದಿನ ಅವರು ಸಮ್ಮೇಳನಕ್ಕೆ ಹೋಗಲಿಲ್ಲ. ಊರಿಗೆ ಹೊರಡುವ ಮುಂಚೆ ಸುಜಯ್ ಮನೆಗೆ ಬಂದ. ಪ್ರಾಣೇಶ ಅವನನ್ನು ಹತ್ತಿರ ಕೂರಿಸಿಕೊಂಡು ಏನು ಕೆಲಸ ಮಾಡುತ್ತೀ ಎಂದು ವಿಚಾರಿಸಿದ. ಅವನು ಹೇಳಿದ. ಪ್ರಾಣೇಶ ಯೋಚಿಸಿ, ಅಜ್ಜಿಯರ ಮಾತನ್ನು ಯಂತ್ರಕ್ಕೆ ಯಾರು ಕಲಿಸುತ್ತಾರೆಂದು ಕೇಳಿದ.

“ಯಾರೂ ಇಲ್ಲ ಸರ್,” ಎಂದ ಸುಜಯ್. “ನಾನs ಕಲಿಸ್ತೇನಿ.”

ಗೇಟಿನ ಹತ್ತಿರ ಬಂದಾಗ ಅವನು ಕನ್ನಡಕ ತೆಗೆದು ಅಳತೊಡಗಿದ. ಕೃಷ್ಣವೇಣಿ ಅವನ ಭುಜದ ಮೇಲೆ ಕೈಯಿಟ್ಟು ನಿಂತಳು.

ಆ ವಾರ ಬ್ಲಾಗಿನ ಕೆಳಗೆ ಓದುಗರು ಕೇಳತೊಡಗಿದರು: ಸಮ್ಮೇಳನ ನಿಮ್ಮ ಊರಲ್ಲೇ ಆಯಿತಲ್ಲ ಸರ್, ವರದಿ ಯಾವಾಗ? ಒಂದು ಸಂಜೆ ಕೃಷ್ಣವೇಣಿ ಅವನ ಲ್ಯಾಪ್‌ಟಾಪಿನ ಮುಂದೆ ಕೂತಳು. ಅವಳಿಗೆ ಕನ್ನಡ ಟೈಪು ಅಷ್ಟಾಗಿ ಬರುತ್ತಿರಲಿಲ್ಲ. ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ‘ಈ ಬ್ಲಾಗ್ ಬರೆಯುತ್ತಿದ್ದವರಿಗೆ ಮರೆವಿನ ಕಾಯಿಲೆಯಾಗಿದೆ. ಸಮ್ಮೇಳನಕ್ಕೆ ಬಹಳ ಆಸೆಪಟ್ಟು ಹೋಗಿ ಬಂದರು. ಇನ್ನು ಮುಂದೆ ಅವರಿಗೆ ಬರೆಯಲು ಆಗುವುದಿಲ್ಲ. ಇಷ್ಟು ವರ್ಷ ಓದಿದಿರಿ. ನಮಸ್ಕಾರ.’

ಪ್ರಾಣೇಶ ಯಾವಾಗಲೋ ಬಂದು ಕುರ್ಚಿಯ ಹಿಂದೆ ನಿಂತಿದ್ದ. ಪೂರ್ತಿ ಓದಿದ.

“ಪಾಪ,” ಎಂದ. “ಯಾರಿವರು? ನಮಗ ಗೊತ್ತಿದ್ದವರೇನು?”

“ಹೂಂ. ಗೊತ್ತಿದ್ದವರು.”

“ಭಾಳ ವಯಸ್ಸಾಗಿತ್ತೇನು?”

“ಇಲ್ಲರೀ. ಏನೂ ಆಗಿರಲಿಲ್ಲ.”

ಅವನು ಇನ್ನೊಮ್ಮೆ ಪರದೆಯ ಕಡೆ ಬಗ್ಗಿ ನೋಡಿದ. “ಮನಿಯವರಿಗೆ ಭಾಳ ತ್ರಾಸ ಆಗಿರಬೇಕು,” ಎಂದು, ಅವಳ ತಲೆಯ ಮೇಲೆ ಒಮ್ಮೆ ಕೈಯಾಡಿಸಿ, ಒಳಗೆ ಹೋದ. ಕೃಷ್ಣವೇಣಿ ಕಣ್ಣು ಒರೆಸಿಕೊಳ್ಳದೆಯೇ ‘ಪ್ರಕಟಿಸು’ ಎಂಬಲ್ಲಿ ಒತ್ತಿದಳು.