ಇನ್ನೂರ ಹತ್ತು ಬಡಿತ

ಮಗು ಹುಟ್ಟಿ ಒಂಬತ್ತು ದಿನವಾಗಿತ್ತು. ಮೊಲೆ ಬಿಡುತ್ತಿರಲಿಲ್ಲ, ನಿದ್ದೆಯನ್ನೂ ಮಾಡುತ್ತಿರಲಿಲ್ಲ. ಕಣ್ಣು ದೊಡ್ಡದಾಗಿ ಬಿಟ್ಟುಕೊಂಡು ನೋಡುತ್ತಲೇ ಇರುತ್ತಿತ್ತು. “ಹೊಟ್ಟೆಬಾಕ, ಥೇಟ್ ಅಪ್ಪನೇ,” ಎಂದು ಜೊತೆಗಿರಲು ಬಂದಿದ್ದ ಅಕ್ಕ ನಗುತ್ತಿದ್ದಳು. ಮಗುವಿನ ತಾಯಿಗೆ ಮಾತ್ರ ಏನೂ ಅನಿಸುತ್ತಿರಲಿಲ್ಲ. ಶರ್ಟ್ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದವಳು. ಮಷಿನ್ ಮುಂದೆ ಕೂತಂತೆಯೇ ಈಗಲೂ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು.

ತಪಾಸಣೆಗೆ ಹೋದಾಗ ನರ್ಸ್ ಮಗುವನ್ನು ತಕ್ಕಡಿಯಲ್ಲಿಟ್ಟು ಹುಬ್ಬು ಗಂಟಿಕ್ಕಿದಳು. ಹುಟ್ಟಿದಾಗಿನ ತೂಕಕ್ಕಿಂತ ಕಾಲು ಕಿಲೋ ಕಡಿಮೆ. ಗಡಿಯಾರ ನೋಡುತ್ತ ಎದೆಬಡಿತ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ನಿಮಿಷಕ್ಕೆ ಇನ್ನೂರ ಹತ್ತು.

“ಆಗ ಅಳ್ತಿತ್ತಲ್ಲ, ಅದಕ್ಕಿರಬೇಕು,” ಎಂದಳು ಅಕ್ಕ.

“ಈಗ ಅಳ್ತಿಲ್ವಲ್ಲಮ್ಮ.” ನರ್ಸ್ ತಾಯಿಯ ಕಡೆ ತಿರುಗಿದಳು. “ನಿಮ್ಮ ಕುತ್ತಿಗೇಲಿ ಅದೇನು ಗೆರೆ?”

“ಥೈರಾಯ್ಡ್ ಜಾಸ್ತಿ ಆಗಿತ್ತು. ಆರು ವರ್ಷದ ಹಿಂದೆ ತೆಗೆದುಹಾಕಿದ್ರು. ಈಗ ಏನಿಲ್ಲ, ದಿನಾ ಒಂದು ಮಾತ್ರೆ ಅಷ್ಟೆ.”

“ಬಸುರಿ ಇದ್ದಾಗ ಹೇಳಿದ್ರಾ?”

“ಮಾತ್ರೆ ತಗೋತೀನಿ ಅಂದೆ. ಯಾಕೆ ಅಂತ ಯಾರೂ ಕೇಳಲಿಲ್ಲ.”

ನರ್ಸ್ ಮಗುವನ್ನು ಎತ್ತಿಕೊಂಡು ನೇರ ಮಕ್ಕಳ ಡಾಕ್ಟರ ಕೋಣೆಗೆ ನಡೆದಳು. ಮಧ್ಯಾಹ್ನದೊಳಗೆ ರಕ್ತದ ವರದಿ ಬಂತು. ವಯಸ್ಸಾದ ಡಾಕ್ಟರಮ್ಮ ಸ್ಟೂಲ್ ಎಳೆದುಕೊಂಡು ತಾಯಿಯ ಎದುರು ಕೂತರು.

“ನಿಮ್ಮ ಥೈರಾಯ್ಡ್ ಗ್ರಂಥಿ ಹೋಗಿದೆ. ಆದ್ರೆ ಅದನ್ನ ಕೆಣಕ್ತಿದ್ದ ಪ್ರತಿಕಾಯಗಳು, ಆಂಟಿಬಾಡಿ ಅಂತಾರಲ್ಲ, ಅವು ರಕ್ತದಲ್ಲಿ ಹಾಗೇ ಇವೆ. ಹೊಟ್ಟೇಲಿದ್ದಾಗ ಮಗೂಗೆ ದಾಟಿವೆ. ಈಗ ಇದರ ಗ್ರಂಥೀನ ಕೆಣಕ್ತಾ ಇವೆ. ಅದಕ್ಕೇ ಎದೆ ಹೀಗೆ ಬಡ್ಕೊಳ್ಳೋದು, ಎಷ್ಟು ಕುಡಿದ್ರೂ ತೂಕ ಇಳಿಯೋದು.”

“ಅಂದ್ರೆ ನನ್ನಿಂದ.”

“ನಿಮ್ಮಿಂದ ಬಂದದ್ದು, ನೀವು ಮಾಡಿದ್ದಲ್ಲ. ಗ್ರಂಥಿಯ ಕೆಲಸ ತಗ್ಗಿಸೋಕೆ ಒಂದು ಔಷಧಿ, ಎದೆಬಡಿತ ಇಳಿಸೋಕೆ ಇನ್ನೊಂದು ಕೊಡೋಣ. ಕೆಲವು ತಿಂಗಳಲ್ಲಿ ಆ ಪ್ರತಿಕಾಯ ತಾನಾಗೇ ಕರಗಿಹೋಗುತ್ತೆ.”

ಅವಳು ತಲೆಯಾಡಿಸಿದಳು. ಮಾತೆಲ್ಲ ಗೋಡೆಯಾಚೆ ಬೇರೆ ಯಾರಿಗೋ ಹೇಳುತ್ತಿರುವಂತೆ ಕೇಳಿಸಿತು.

ಮಗುವನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಐದನೆಯ ದಿನ ಬಡಿತ ನೂರ ಅರವತ್ತಕ್ಕೆ ಇಳಿಯಿತು. ಮಗು ಮೊದಲ ಸಲ ಎರಡು ಗಂಟೆ ಮಲಗಿತು. ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. ತಾಯಿ ಬಟ್ಟೆ ಮಡಿಸುತ್ತಿದ್ದಳು. ಮನೆಗೆ ಬಂದ ಮೇಲೆ ಹೊತ್ತುಹೊತ್ತಿಗೆ ಸಿರಿಂಜಿನಿಂದ ಔಷಧಿ ಹನಿಸಿದಳು, ಆಗಾಗ ರಕ್ತ ಪರೀಕ್ಷೆ ಮಾಡಿಸಿದಳು. ಒಂದು ಹೊತ್ತೂ ತಪ್ಪಿಸಲಿಲ್ಲ. ಮಗುವಿನ ಕೆನ್ನೆ ತುಂಬಿಕೊಂಡಿತು.

ಹನ್ನೊಂದನೆಯ ವಾರ ಡಾಕ್ಟರಮ್ಮ ಇನ್ನು ಬೇಕಿಲ್ಲವೆಂದು ಔಷಧಿ ನಿಲ್ಲಿಸಿದರು. ವಾಪಸು ಬರುವಾಗ ಬಸ್ಸಿನಲ್ಲಿ ಗಂಡ ಕಿಟಕಿಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡ.

“ನೀನು ಒಂದಿನಾನೂ ಅಳಲಿಲ್ಲ,” ಎಂದ.

“ಬರ್ತಿಲ್ಲ ಕಣ್ರೀ. ಹಸಿವಾಗ್ತಿದೆ.”

ನಿಜವಾಗಿಯೂ ಹಸಿದಿದ್ದಳು. ಬಸ್ಸಿಳಿದವಳೇ ಮಗುವನ್ನು ಅವನ ಕೈಗೆ ಕೊಟ್ಟು, ಅಂಗಡಿಯ ಮುಂದೆ ನಿಂತೇ ಎರಡು ಬನ್ ತಿಂದಳು.